ಕುಸುಬೆ ಎಂಬ ಬೇಲಿ

ಕಳೆದ ಜನವರಿ ತಿಂಗಳಲ್ಲಿ ಒಂದು ಸೋಮವಾರ ನಾನು ಊರಿನಿಂದ ಬರುವಾಗ ಒಂದು ಹೂವನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಿಕೊಂಡು ಕಾಲೇಜಿಗೆ ತಂದಿದ್ದೆ. ಮುಡಿಯುವುದಕ್ಕಲ್ಲ, ಅದನ್ನು ಮುಡಿಯುವುದು ಯಾರಿಂದಲೂ ಸಾಧ್ಯವಿಲ್ಲ, ಏಕೆಂದರೆ ಹೂವಿನ ಸುತ್ತ ಮುಳ್ಳುಗಳಿವೆ. ಗೆಳತಿಯರಿಗೆ ತೋರಿಸೋಣವೆಂದು ತಂದದ್ದು. ನಮ್ಮ ತರಗತಿಯಲ್ಲಿ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಈ ಐದು ಕಡೆಯವರೂ ಇದ್ದೇವೆ. 2021ರಲ್ಲಿ ರಚನೆಯಾದ ವಿಜಯನಗರ ಜಿಲ್ಲೆಯ ಆರು ತಾಲ್ಲೂಕುಗಳಲ್ಲಿ ಇವೇ ಐದು. ಬಹುಮಂದಿ ಒಕ್ಕಲುತನದ ಮನೆಯ ಮಕ್ಕಳೇ. ಆದರೆ ಆ ಹೂವಿನ ಹೆಸರು ಒಬ್ಬರಿಗೂ ತಿಳಿಯಲಿಲ್ಲ. ಹಡಗಲಿಯ ಗೆಳತಿ "ಕಾಡು ಸೇವಂತಿಗೆ" ಎಂದಳು. ಕೂಡ್ಲಿಗಿಯ ಸಹಪಾಠಿ "ದತ್ತೂರಿಯ ಜಾತಿ" ಎಂದ. ಹರಪನಹಳ್ಳಿಯವನೊಬ್ಬ ಬ್ರಹ್ಮದಂಡೆ ಇರಬೇಕೆಂದು ವಾದಿಸಿದ.

ಅಷ್ಟರಲ್ಲಿ ನಮ್ಮ ಕಾಲೇಜಿನ ಹಿರಿಯ ಜವಾನರು ಆ ದಾರಿಯಲ್ಲಿ ಬಂದರು. ಹೂವನ್ನು ಕಂಡವರೇ ನಿಂತುಬಿಟ್ಟರು. "ಏ, ಇದು ಕುಸುಬಿ ಅಲ್ಲೇನವ್ವಾ! ಎಲ್ಲಿ ಸಿಕ್ತು ನಿನಗ?" ಎಂದು ಕೇಳಿ, ಒಂದು ಎಸಳನ್ನು ಬೆರಳಲ್ಲಿ ತಿಕ್ಕಿ ನೋಡಿದರು. ಬೆರಳಿಗೆ ಹಳದಿ ಹತ್ತಿತು. ಅವರು ನಕ್ಕರು. "ಇದರ ಮುಳ್ಳು ಚುಚ್ಚಿಸಿಕೊಂಡು ದೊಡ್ಡವರಾದವರು ನಾವು" ಎಂದು ಹೇಳಿ ಹೋದರು.

ಪದವಿಗೆ ಓದುತ್ತಿರುವ ನಲವತ್ತು ಜನಕ್ಕೆ ತಿಳಿಯದ ವಿಷಯ ಅವರಿಗೆ ಒಂದು ನೋಟಕ್ಕೆ ತಿಳಿಯಿತು. ಈ ಸಂಗತಿ ನನ್ನ ಮನಸ್ಸಿನಲ್ಲಿ ಉಳಿದು, ಈ ಲೇಖನಕ್ಕೆ ಕಾರಣವಾಯಿತು. ನಾನು ಸಸ್ಯಶಾಸ್ತ್ರದ ವಿದ್ಯಾರ್ಥಿನಿಯಲ್ಲ, ಕಲಾ ವಿಭಾಗದವಳು. ಗ್ರಂಥಾಲಯದಲ್ಲಿ ಓದಿ ತಿಳಿದುದನ್ನೂ ನಮ್ಮ ಹೊಲದಲ್ಲಿ ಕಂಡುದನ್ನೂ ಸೇರಿಸಿ ಬರೆದಿದ್ದೇನೆ. ತಪ್ಪುಗಳಿದ್ದರೆ ವಾಚಕರು ಮನ್ನಿಸಬೇಕು.

ಮೊದಲು ಕುಸುಬೆಯ ಕುಲದ ವಿಚಾರ. ಸೇವಂತಿಗೆ, ಸೂರ್ಯಕಾಂತಿ, ಚೆಂಡುಹೂವು, ಹುಚ್ಚೆಳ್ಳು, ಇವೆಲ್ಲ ಒಂದೇ ಕುಟುಂಬಕ್ಕೆ ಸೇರಿದವು. ಶಾಸ್ತ್ರಜ್ಞರು ಅದನ್ನು ಆಸ್ಟರೇಸಿ ಎನ್ನುತ್ತಾರೆ. ಕಂಪಾಸಿಟೆ ಎಂಬುದು ಅದರ ಹಳೆಯ ಹೆಸರು. ಕಂಪಾಸಿಟೆ ಎಂದರೆ ಕೂಡಿ ಆದುದು ಎಂದರ್ಥ. ಈ ಹೆಸರು ಬಹಳ ಸಾರ್ಥಕವಾಗಿದೆ. ಏಕೆಂದರೆ ನಾವು ಒಂದು ಸೂರ್ಯಕಾಂತಿ ಹೂವು ಎಂದು ಕರೆಯುವುದು ನಿಜವಾಗಿ ಒಂದು ಹೂವಲ್ಲ. ಒಂದೇ ತಟ್ಟೆಯ ಮೇಲೆ ಒತ್ತೊತ್ತಾಗಿ ಕುಳಿತ ನೂರಾರು ಹೂವುಗಳ ಒಂದು ಸಂತೆ. ಅಂಚಿನಲ್ಲಿ ಹಳದಿ ಎಸಳುಗಳಂತೆ ಕಾಣುವ ಒಂದೊಂದೂ ಒಂದು ಹೂವು. ಅವು ಕಾಳು ಕಟ್ಟುವುದಿಲ್ಲ, ದುಂಬಿಗಳನ್ನು ಕರೆಯುವುದಷ್ಟೇ ಅವುಗಳ ಕೆಲಸ. ನಡುವೆ ಇರುವ ಸಣ್ಣ ಸಣ್ಣ ಕೊಳವೆಗಳಂಥ ಹೂವುಗಳು ಒಂದೊಂದೂ ಒಂದು ಕಾಳನ್ನು ಕೊಡುತ್ತವೆ. ಜಗತ್ತಿನಲ್ಲಿ ಈ ಕುಟುಂಬದ 25 ಸಾವಿರಕ್ಕೂ ಹೆಚ್ಚು ಪ್ರಭೇದಗಳಿವೆ. ಹರಪನಹಳ್ಳಿಯ ಸಹಪಾಠಿ ಹೇಳಿದ ಬ್ರಹ್ಮದಂಡೆಯ ಹೆಸರಿನಿಂದ ಕರೆಯಿಸಿಕೊಳ್ಳುವ ಮುಳ್ಳುಗಿಡಗಳಲ್ಲಿಯೂ ಕೆಲವು ಇದೇ ಕುಟುಂಬದವು. ಆದುದರಿಂದ ಅವನ ಊಹೆ ಗುರಿ ಮುಟ್ಟದಿದ್ದರೂ ಓಣಿ ತಪ್ಪಿರಲಿಲ್ಲ.

ಕುಸುಬೆಯಲ್ಲಿ ಅಂಚಿನ ಎಸಳುಗಳ ಅಲಂಕಾರವಿಲ್ಲ. ಅದರ ಮೊಗ್ಗು ಹಸಿರು ಗುಬುಟಿನಂತಿದ್ದು ಸುತ್ತಲೂ ಮುಳ್ಳಿನ ಎಲೆಗಳಿರುತ್ತವೆ. ಅದರ ಬಾಯಿಯಿಂದ ಕೊಳವೆಹೂಗಳು ಕುಚ್ಚಿನಂತೆ ಹೊರಬರುತ್ತವೆ. ಅರಳಿದಾಗ ಹಳದಿ, ಮರುದಿನಗಳಲ್ಲಿ ಕಿತ್ತಳೆ, ಬಾಡುತ್ತ ಬಂದಂತೆ ಕೆಂಪು. ಗಿಡ ಸೊಂಟದೆತ್ತರ ಬೆಳೆದು, ಕವಲೊಡೆದು ಪೊದೆಯಂತೆ ನಿಲ್ಲುತ್ತದೆ. ನೋಡಿದವರು ಬಹುವರ್ಷದ ಪೊದೆ ಎಂದುಕೊಳ್ಳಬೇಕು. ಆದರೆ ಅದರ ಆಯುಷ್ಯ ಸುಮಾರು ನಾಲ್ಕೂವರೆ ತಿಂಗಳು ಮಾತ್ರ. ಹಿಂಗಾರಿಯಲ್ಲಿ, ಜೋಳ ಬಿತ್ತುವ ಕಾಲಕ್ಕೆ ಬಿತ್ತಿದರೆ ಶಿವರಾತ್ರಿಯ ಹೊತ್ತಿಗೆ ಒಣಗಿ ಕೊಯ್ಲಿಗೆ ಬರುತ್ತದೆ.

ಈ ನಾಲ್ಕೂವರೆ ತಿಂಗಳಲ್ಲಿ ಅದು ಮೇಲೆ ಬೆಳೆಯುವುದಕ್ಕಿಂತ ಕೆಳಗೆ ಬೆಳೆಯುವುದೇ ಹೆಚ್ಚು. ಅದರ ತಾಯಿಬೇರು ಎರೆಭೂಮಿಯಲ್ಲಿ ಎರಡು ಮೀಟರಿಗೂ ಆಳಕ್ಕೆ ಇಳಿಯಬಲ್ಲದು. ಎರೆಮಣ್ಣು ಮಳೆಗಾಲದ ನೀರನ್ನು ಒಡಲಲ್ಲಿ ಹಿಡಿದಿಟ್ಟುಕೊಳ್ಳುತ್ತದೆ. ಮೇಲಿನ ಮಣ್ಣು ಬಿರುಕು ಬಿಟ್ಟ ಮೇಲೂ ಆಳದಲ್ಲಿ ತೇವವಿರುತ್ತದೆ. ಜೋಳದ ಬೇರು ತಲುಪದ ಆ ತೇವವನ್ನು ಕುಸುಬೆ ಕುಡಿದು ಬದುಕುತ್ತದೆ. ಒಂದೇ ಹೊಲದಲ್ಲಿ ಇಬ್ಬರೂ ಇದ್ದರೂ ಒಬ್ಬರ ತಟ್ಟೆಗೆ ಇನ್ನೊಬ್ಬರು ಕೈಹಾಕುವುದು ಕಡಿಮೆ. ನಮ್ಮ ಕಡೆ ಮಸಾರಿ ನೆಲವೇ ಹೆಚ್ಚು. ಕೂಡ್ಲಿಗಿ ಕೊಟ್ಟೂರುಗಳ ಕಡೆ ಅಲ್ಲಿ ಶೇಂಗಾ ಬೆಳೆದರು. ಎರೆ ಇದ್ದ ಹೊಲಗಳಲ್ಲಿ ಬಿಳಿಜೋಳ, ಕಡಲೆ, ಅವುಗಳ ಸುತ್ತ ಕುಸುಬೆ.

ಸುತ್ತ ಎಂಬ ಮಾತನ್ನು ಒತ್ತಿ ಹೇಳುತ್ತೇನೆ. ನಮ್ಮ ಹಿರಿಯರು ಕುಸುಬೆಯನ್ನು ಹೊಲದ ನಡುವೆ ಅಕ್ಕಡಿ ಸಾಲಾಗಿ ಹಾಕಿದಂತೆಯೇ ಬದುವಿನ ಗುಂಟ ಎರಡು ಮೂರು ಸಾಲು ಒತ್ತಾಗಿ ಹಾಕುತ್ತಿದ್ದರು. ದಾರಿಯಲ್ಲಿ ಹೋಗುವ ದನ, ಕುರಿಯ ಹಿಂಡು ಜೋಳಕ್ಕೆ ಬಾಯಿ ಹಾಕಬೇಕಾದರೆ ಮೊದಲು ಈ ಮುಳ್ಳನ್ನು ದಾಟಬೇಕು. ಬೇಲಿಯೇ ಎದ್ದು ಹೊಲ ಮೇಯ್ದರೆ ಎಂಬ ಗಾದೆಯನ್ನು ನಾವೆಲ್ಲ ಕೇಳಿದ್ದೇವೆ. ಇದು ಹೊಲವನ್ನು ಕಾಯ್ದು, ಕೊನೆಗೆ ಮನೆಗೆ ಎಣ್ಣೆಯನ್ನೂ ಕೊಡುವ ಬೇಲಿ. ಅದಕ್ಕೆ ಕಂಬ ಬೇಡ, ತಂತಿ ಬೇಡ, ಸಾಲ ಬೇಡ.

ಕುಸುಬೆಯ ಉಪಯೋಗಗಳನ್ನು ನಮ್ಮ ಅಜ್ಜಿ ಬೆರಳು ಮಡಿಸಿ ಎಣಿಸುತ್ತಾಳೆ. ಒತ್ತಾಗಿ ಹುಟ್ಟಿದ ಎಳೆಯ ಸಸಿಗಳನ್ನು ಕಿತ್ತು, ಮುಳ್ಳು ಬಲಿಯುವ ಮುಂಚೆ ಪಲ್ಯ ಮಾಡಿ ಜೋಳದ ರೊಟ್ಟಿಯ ಜೊತೆ ತಿನ್ನುವುದು ಒಂದು. ಕಾಳನ್ನು ನೆನೆಸಿ ರುಬ್ಬಿ, ಹಾಲು ಹಿಂಡಿ, ಬೆಲ್ಲ ಹಾಕಿ ಹುಗ್ಗಿ ಮಾಡುವುದು ಎರಡು. ಗಾಣಕ್ಕೆ ಹಾಕಿಸಿ ಎಣ್ಣೆ ತೆಗೆಯುವುದು ಮೂರು. ಹಿಂಡಿಯನ್ನು ಎತ್ತಿಗೆ ಹಾಕುವುದು ನಾಲ್ಕು. ಒಣಗಿದ ಕಟ್ಟಿಗೆಯನ್ನು ಒಲೆಗೆ ಹಾಕುವುದು ಐದು. "ಬಿಸಾಡೋದು ಅಂತ ಅದರಾಗ ಏನೂ ಇಲ್ಲ" ಎಂದು ಆಮೇಲೆ ಕೈ ಬಿಚ್ಚುತ್ತಾಳೆ.

ಅಜ್ಜಿಯ ಎಣಿಕೆಯಲ್ಲಿ ಬಾರದ ಒಂದು ಉಪಯೋಗವುಂಟು; ಅದೇ ಬಣ್ಣ. ಅದು ಅವಳ ಕಾಲಕ್ಕೂ ಹಿಂದಿನ ಮಾತು. 1753ರಲ್ಲಿ ಲಿನ್ನೇಯಸ್ ಎಂಬ ಸ್ವೀಡನ್ ದೇಶದ ವಿದ್ವಾಂಸನು ಈ ಗಿಡಕ್ಕೆ ಕಾರ್ಥಮಸ್ ಟಿಂಕ್ಟೋರಿಯಸ್ ಎಂದು ಹೆಸರಿಟ್ಟನು. ಟಿಂಕ್ಟೋರಿಯಸ್ ಎಂದರೆ ಬಣ್ಣಗಾರರದು ಎಂದರ್ಥ. ಹೂವಿನ ಎಸಳಿನಲ್ಲಿ ಎರಡು ಬಣ್ಣಗಳಿವೆ. ಹಳದಿ ನೀರಿನಲ್ಲಿ ಕರಗುತ್ತದೆ, ಕೆಂಪು ಕರಗುವುದಿಲ್ಲ. ಆದುದರಿಂದ ಬಣ್ಣಗಾರರು ಎಸಳುಗಳನ್ನು ಮತ್ತೆ ಮತ್ತೆ ನೀರಿನಲ್ಲಿ ತೊಳೆದು ಹಳದಿಯನ್ನು ಹೊರಡಿಸಿ, ಉಳಿದುದನ್ನು ಕ್ಷಾರದ ನೀರಿನಲ್ಲಿ ಹಾಕುತ್ತಿದ್ದರು. ಆಗ ಕೆಂಪು ಬಿಡುತ್ತದೆ. ಅದಕ್ಕೆ ನಿಂಬೆಯಂಥ ಹುಳಿಯನ್ನು ಬೆರೆಸಿದರೆ ಆ ಕೆಂಪು ಬಟ್ಟೆಯನ್ನು ಹಿಡಿಯುತ್ತದೆ. ಸಂಸ್ಕೃತದಲ್ಲಿ ಇದರ ಹೆಸರು ಕುಸುಂಭ. ಕಾಳಿದಾಸನ ಋತುಸಂಹಾರದ ವಸಂತ ವರ್ಣನೆಯಲ್ಲಿ ಕುಸುಂಭದ ಕೆಂಪಿನ ಬಟ್ಟೆಯುಟ್ಟ ಸ್ತ್ರೀಯರು ಬರುತ್ತಾರೆ. ಪುರಾತನ ಈಜಿಪ್ಟಿನಲ್ಲಿ ಸತ್ತವರ ದೇಹಕ್ಕೆ ಹಾಕಿದ ಹೂಮಾಲೆಗಳಲ್ಲಿಯೂ ಕುಸುಬೆ ದೊರೆತಿದೆ. ನಮ್ಮ ಬದುವಿನ ಮುಳ್ಳುಗಿಡಕ್ಕೆ ಇಷ್ಟು ದೊಡ್ಡ ಬಳಗವಿರುವುದು ತಿಳಿದಾಗ ನನಗೆ ಆಶ್ಚರ್ಯವಾಯಿತು.

ಈ ಬಣ್ಣದ ವ್ಯಾಪಾರಕ್ಕೆ ಕೇಡು ಬಂದುದು ಒಬ್ಬ ವಿದ್ಯಾರ್ಥಿಯಿಂದ. 1856ರಲ್ಲಿ ಲಂಡನ್ನಿನ ವಿಲಿಯಂ ಪರ್ಕಿನ್ ಎಂಬ 18 ವರ್ಷದ ತರುಣನು ಮಲೇರಿಯಾದ ಔಷಧಿಯನ್ನು ತಯಾರಿಸಲು ಹೊರಟು, ಅದರ ಬದಲು ಕಲ್ಲಿದ್ದಲಿನ ಡಾಂಬರಿನಿಂದ ನೇರಳೆ ಬಣ್ಣವನ್ನು ಕಂಡುಹಿಡಿದನು. ಅದರ ಹಿಂದೆಯೇ ಕೃತಕ ಬಣ್ಣಗಳು ಸಾಲುಗಟ್ಟಿ ಬಂದವು, ಅವು ಅಗ್ಗವಾಗಿದ್ದವು. ಕುಸುಬೆಯ ಕೆಂಪು ಬಿಸಿಲಿಗೆ ಬೇಗ ಮಾಸುವಂಥದು. ಆದುದರಿಂದ ಸ್ಪರ್ಧೆಯಲ್ಲಿ ನಿಲ್ಲಲಿಲ್ಲ. ಬಣ್ಣ ಹೋದರೂ ಎಣ್ಣೆ ಉಳಿದಿತ್ತು. ಹೊಲದಲ್ಲಿ ಅದರ ಸಾಲು ತಪ್ಪಲಿಲ್ಲ.

ಕಾಳಿನಲ್ಲಿ ನೂರಕ್ಕೆ ಸುಮಾರು 30 ಪಾಲು ಎಣ್ಣೆ. ಆ ಎಣ್ಣೆಯಲ್ಲಿ 70 ಪಾಲಿಗೂ ಮಿಗಿಲಾಗಿ ಲಿನೋಲೆಯಿಕ್ ಎಂಬ ಆಮ್ಲವಿದೆ. ನಮ್ಮ ದೇಹ ತಾನೇ ಮಾಡಿಕೊಳ್ಳಲಾರದ, ಆಹಾರದಿಂದಲೇ ಪಡೆಯಬೇಕಾದ ಪದಾರ್ಥವಿದು. ಅಂಥ ಎಣ್ಣೆಯನ್ನು ಹಳ್ಳಿಯ ಗಾಣ ಮನೆಬಾಗಿಲಲ್ಲೇ ತೆಗೆದುಕೊಡುತ್ತಿತ್ತು. ನಮ್ಮ ಸೀಮೆಯಲ್ಲಿ ಎಣ್ಣೆಗೆ ಇರುವ ಗೌರವವನ್ನು ಉಜ್ಜಿನಿಯ ಜಾತ್ರೆಗೆ ಹೋದವರು ಬಲ್ಲರು. ಅಲ್ಲಿ ಮರುಳಸಿದ್ಧೇಶ್ವರ ದೇವಾಲಯದ ಶಿಖರಕ್ಕೇ ತೈಲಾಭಿಷೇಕ ನಡೆಯುತ್ತದೆ.

ಹಾಗಾದರೆ ಇಂಥ ಬೆಳೆ ಹೋದದ್ದೇಕೆ? ಮುಳ್ಳೇ ಕಾರಣವೆಂದು ಸುಲಭವಾಗಿ ಹೇಳಿಬಿಡಬಹುದು. ಆದರೆ ಮುಳ್ಳು ಮೊದಲಿನಿಂದಲೂ ಇತ್ತು. ಕಾರಣಗಳು ಒಂದರ ಹಿಂದೆ ಒಂದು ಬಂದವು.

ಮೊದಲನೆಯದು, ಅದರ ಸ್ವಂತ ದಾಯಾದಿ. 1970ರ ಸುಮಾರಿಗೆ ಸೋವಿಯತ್ ದೇಶದಿಂದ ತಂದ ಸೂರ್ಯಕಾಂತಿಯ ತಳಿಗಳು ನಮ್ಮಲ್ಲಿ ಎಣ್ಣೆಯ ಬೆಳೆಯಾಗಿ ಹರಡತೊಡಗಿದವು. 1980ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯವು ಬಿ.ಎಸ್.ಎಚ್. 1 ಎಂಬ ಸಂಕರಣ ತಳಿಯನ್ನು ಕೊಟ್ಟಿತು. ಸೂರ್ಯಕಾಂತಿಗೆ ಮುಳ್ಳಿಲ್ಲ, ಮೂರು ತಿಂಗಳಲ್ಲಿ ಕೈಗೆ ಬರುತ್ತದೆ, ಮುಂಗಾರಿಗೂ ಆದೀತು, ಹಿಂಗಾರಿಗೂ ಆದೀತು. ರೈತರು ಅದರ ಕಡೆಗೆ ತಿರುಗಿದ್ದರಲ್ಲಿ ತಪ್ಪೇನಿಲ್ಲ. 1997ರಲ್ಲಿ ಕರ್ನಾಟಕದಲ್ಲಿ ಸೂರ್ಯಕಾಂತಿಗೆ ನೆಕ್ರೋಸಿಸ್ ಎಂಬ ನಂಜುರೋಗ ಕಾಣಿಸಿಕೊಂಡಿತು. ಅಷ್ಟು ಹೊತ್ತಿಗೆ ಕುಸುಬೆಯ ಸಾಲುಗಳು ಬಹುಮಟ್ಟಿಗೆ ಅಳಿಸಿದ್ದವು. ಸೂರ್ಯಕಾಂತಿ ಬಿಟ್ಟವರು ಕುಸುಬೆಗೆ ಮರಳಲಿಲ್ಲ, ಮೆಕ್ಕೆಜೋಳಕ್ಕೆ ಹೋದರು.

ಎರಡನೆಯದು, ಹೊರಗಿನ ಎಣ್ಣೆ. 1994ರಲ್ಲಿ ತಾಳೆ ಎಣ್ಣೆಯ ಆಮದಿಗೆ ಬಾಗಿಲು ತೆರೆಯಿತು. ಮಲೇಶಿಯ, ಇಂಡೋನೇಶಿಯಗಳಿಂದ ಬಂದ ಎಣ್ಣೆ ಪ್ಯಾಕೆಟ್ಟಿನಲ್ಲಿ ನಮ್ಮೂರಿನ ಅಂಗಡಿಗೂ ಬಂದಿತು. ಮನೆಯ ಕಾಳನ್ನು ಗಾಣಕ್ಕೆ ಹಾಕಿಸಿದ ಖರ್ಚಿಗಿಂತ ಅದು ಅಗ್ಗವಾಗಿ ಕಂಡಿತು. ಗಾಣಗಳು ನಿಂತವು. ಗಾಣ ನಿಂತ ಊರಿನಲ್ಲಿ ಎರಡು ಚೀಲ ಕುಸುಬೆಯನ್ನು ಬೆಳೆದು ಏನು ಮಾಡುವುದು?

ಮೂರನೆಯದು ಆಳು. ಕುಸುಬೆಯನ್ನು ಕೊಯ್ಯಬೇಕಾದರೆ ಬೆಳಗಿನ ಜಾವವೇ ಹೊಲದಲ್ಲಿರಬೇಕು. ಇಬ್ಬನಿಯಲ್ಲಿ ಮುಳ್ಳು ಮೆತ್ತಗಿರುತ್ತದೆ, ಬಿಸಿಲೇರಿದರೆ ಸೂಜಿಯಂತಾಗುತ್ತದೆ. ಕೈಕಾಲುಗಳಿಗೆ ಹಳೆಯ ಬಟ್ಟೆ ಸುತ್ತಿಕೊಂಡು ಕೊಯ್ಯುತ್ತಿದ್ದರು. ಈಗ ಅಂಥ ಕೆಲಸಕ್ಕೆ ಯಾರನ್ನೂ ಕರೆಯುವಂತಿಲ್ಲ, ಕರೆಯುವುದು ನ್ಯಾಯವೂ ಅಲ್ಲ. ಇದಕ್ಕೆ ಪರಿಹಾರವಿಲ್ಲದೆ ಇಲ್ಲ. ಅಣ್ಣಿಗೇರಿಯ ಸಂಶೋಧನಾ ಕೇಂದ್ರದಿಂದ ಬಂದ ಎ-1 ತಳಿ ಹಿಂದೆ ಹೆಸರು ಮಾಡಿತ್ತು. ಆ ಬಳಿಕ ಮಹಾರಾಷ್ಟ್ರದ ಫಲಟಣದ ಸಂಸ್ಥೆಯವರು ಮುಳ್ಳಿಲ್ಲದ ಕುಸುಬೆಯನ್ನೇ ತಂದಿದ್ದಾರೆ. ಅದರಿಂದ ಕೊಯ್ಲು ಸುಲಭವಾಯಿತು. ಆದರೆ ಮುಳ್ಳಿಲ್ಲದ ಕುಸುಬೆ ಬೇಲಿಯಾಗಲಾರದು. ಒಂದು ಗುಣವನ್ನು ಪಡೆಯಲು ಇನ್ನೊಂದನ್ನು ಬಿಡಬೇಕಾಗಿದೆ.

ಇವೆಲ್ಲದರ ಫಲವಾಗಿ, 1980ರ ದಶಕದ ಕೊನೆಯಲ್ಲಿ ದೇಶದಲ್ಲಿ ಸುಮಾರು 10 ಲಕ್ಷ ಹೆಕ್ಟೇರಿನಷ್ಟಿದ್ದ ಕುಸುಬೆ ಈಗ ಅದರ ಹತ್ತರಲ್ಲಿ ಒಂದು ಪಾಲೂ ಉಳಿದಿಲ್ಲ. ಈ ಕಡೆ ನಮ್ಮ ದೇಶ ತಾನು ಉಣ್ಣುವ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಹೊರಗಿನಿಂದ ತರಿಸುತ್ತದೆ. 2022ರಲ್ಲಿ ಯುಕ್ರೇನಿನಲ್ಲಿ ಯುದ್ಧ ಪ್ರಾರಂಭವಾದಾಗ ಸೂರ್ಯಕಾಂತಿ ಎಣ್ಣೆಯ ಬೆಲೆ ನಮ್ಮ ಹಳ್ಳಿಯ ಅಂಗಡಿಯಲ್ಲೂ ಏರಿತು. ಅವ್ವ ಆ ತಿಂಗಳು ಒಗ್ಗರಣೆಯ ಸೌಟನ್ನು ಅರ್ಧ ಮಾಡಿದ್ದು ನನಗೆ ನೆನಪಿದೆ. ಎಲ್ಲಿಯ ಯುಕ್ರೇನು, ಎಲ್ಲಿಯ ನಮ್ಮ ಒಲೆ ಎಂದು ಆಗ ಅನಿಸಿತ್ತು. ನಮ್ಮ ಬದುವಿನಲ್ಲಿ ಎಣ್ಣೆ ಬೆಳೆಯುತ್ತಿದ್ದ ಕಾಲದಲ್ಲಿ ಆ ದೂರದ ಜಗಳಕ್ಕೂ ನಮ್ಮ ಒಲೆಗೂ ಇಷ್ಟು ನೇರ ಸಂಬಂಧವಿರಲಿಲ್ಲ.

ಇನ್ನೊಂದು ಮಾತನ್ನು ಹೇಳಬೇಕು. ನನಗೆ ಇದೇ ಮುಖ್ಯವೆಂದು ತೋರುತ್ತದೆ. ಇದೇ ಕುಟುಂಬದ ಇನ್ನೊಬ್ಬ ಸದಸ್ಯನನ್ನು ನಾವೆಲ್ಲ ಬಲ್ಲೆವು. ಕಾಂಗ್ರೆಸ್ ಗಿಡವೆಂದು ಕರೆಯುವ ಪಾರ್ಥೇನಿಯಂ. ಅಮೆರಿಕ ಖಂಡದ ಈ ಕಳೆ 1950ರ ದಶಕದ ಮಧ್ಯದಲ್ಲಿ ಪುಣೆಯಲ್ಲಿ ಕಾಣಿಸಿಕೊಂಡು, ಅನಂತರ ದೇಶವನ್ನೆಲ್ಲ ತುಂಬಿತು. ಅದನ್ನು ತಿನ್ನಲೆಂದು ಮೆಕ್ಸಿಕೊದ ಒಂದು ಜೀರುಂಡೆಯನ್ನು ತಂದು 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟರು. ಆದರೂ ಅದು ಅಳಿಯಲಿಲ್ಲ. ಒಂದೊಂದು ಗಿಡವೂ ಸಾವಿರಾರು ಬೀಜಗಳನ್ನು ಉದುರಿಸುತ್ತದೆ. ಈ ಕುಟುಂಬದ ಎಷ್ಟೋ ಗಿಡಗಳ ಬೀಜಕ್ಕೆ ಹತ್ತಿಯಂಥ ಕೂದಲಿನ ಛತ್ರಿಯಿದ್ದು ಗಾಳಿಯಲ್ಲಿ ಹಾರಿಹೋಗುತ್ತವೆ. ಗಾಯವಾದಾಗ ಎಲೆಯನ್ನು ಹಿಂಡಿ ಹಚ್ಚುತ್ತೇವಲ್ಲ, ದಾರಿಯ ಬದಿಯ ಆ ಸಣ್ಣ ಹೂವಿನ ಗಿಡವೂ ಹಾಗೆಯೇ ಹರಡಿದ್ದು.

ಕುಸುಬೆಗೆ ಆ ಸೌಕರ್ಯವಿಲ್ಲ. ಸಾವಿರಾರು ವರ್ಷ ಮನುಷ್ಯನ ಜೊತೆ ಬಾಳಿ ಅದು ಹಾರುವುದನ್ನು ಮರೆತಿದೆ. ಅದರ ಬಿಳಿಯ ನುಣುಪಾದ ಕಾಳಿಗೆ ಸಾಮಾನ್ಯವಾಗಿ ಕೂದಲಿಲ್ಲ. ಒಣಗಿದ ಮೇಲೂ ಕಾಳು ಮುಳ್ಳಿನ ಗುಬುಟಿನೊಳಗೇ ಇದ್ದು, ಬಡಿದು ತೆಗೆಯುವವರಿಗಾಗಿ ಕಾಯುತ್ತದೆ. ಎಣ್ಣೆಯ ಕಾಳಾದುದರಿಂದ ಬಹಳ ವರ್ಷ ಇಟ್ಟರೆ ಮೊಳೆಯುವ ಶಕ್ತಿಯೂ ಕುಗ್ಗುತ್ತದೆ. ಕೈಬಿಟ್ಟ ಹೊಲದಲ್ಲಿ ಕಾಂಗ್ರೆಸ್ ಗಿಡ ತಾನೇ ಹುಟ್ಟುತ್ತದೆ, ಕುಸುಬೆ ಹುಟ್ಟುವುದಿಲ್ಲ. ಇದನ್ನು ನಾನು ಪುಸ್ತಕದಲ್ಲಿ ಓದಿ ಅಜ್ಜಿಗೆ ವಿವರಿಸಲು ಹೋದೆ. ಅವಳು, "ತಾನಾಗೇ ಹುಟ್ಟಾಕ ಅದೇನು ಕಾಂಗ್ರೆಸ್ ಗಿಡ ಅಲ್ಲವ್ವಾ. ಹಾಕಿದ್ರ ಐತಿ, ಬಿಟ್ರ ಇಲ್ಲ" ಎಂದಳು. ನನ್ನ ಎರಡು ಪುಟದ ಟಿಪ್ಪಣಿ ಅವಳ ಒಂದು ಮಾತಿನಲ್ಲಿ ಮುಗಿಯಿತು.

ನಾನು ತಂದ ಹೂವು ಎಲ್ಲಿಯದೆಂಬುದನ್ನು ವಾಚಕರು ಈಗ ಊಹಿಸಿರಬಹುದು. ನಮ್ಮದು ಮೂರು ಎಕರೆ ಎರೆ. ಅಪ್ಪ ಕುಸುಬೆ ಬಿಟ್ಟು ಬಹಳ ವರ್ಷವಾಯಿತು. ಆದರೆ ಅಜ್ಜಿ ಬಿಡಲಿಲ್ಲ. ಪ್ರತಿ ಹಿಂಗಾರಿಯಲ್ಲೂ ಬಾವಿಯ ಪಕ್ಕದ ಬದುವಿಗೆ ಒಂದೇ ಒಂದು ಸಾಲು, ಹತ್ತು ಮಾರು ಉದ್ದ, ತಾನೇ ಹಾಕಿ, ತಾನೇ ಕೊಯ್ದು, ಬೂದಿ ಬೆರೆಸಿ ಗಡಿಗೆಯಲ್ಲಿ ಇಡುತ್ತಿದ್ದಳು. ಏಕೆಂದು ಕೇಳಿದರೆ "ಬೀಜಕ್ಕ" ಎನ್ನುತ್ತಿದ್ದಳು. ಯಾವ ಬೀಜಕ್ಕೆ, ಮುಂದೆ ಯಾರು ಬಿತ್ತುವುದಕ್ಕೆ ಎಂದು ನಾವು ಕೇಳಲಿಲ್ಲ. ಕಳೆದ ವರ್ಷ ಅವಳ ಮೊಣಕಾಲು ನಡೆಯಗೊಡಲಿಲ್ಲ. ದಸರಾ ರಜೆಯಲ್ಲಿ ಊರಿಗೆ ಹೋದ ನನ್ನ ಕೈಗೆ ಗಡಿಗೆ ಕೊಟ್ಟು, ಎಷ್ಟು ಗೇಣಿಗೆ ಒಂದು ಕಾಳು ಎಂದು ಕಟ್ಟೆಯ ಮೇಲೆ ಕುಳಿತೇ ಹೇಳಿದಳು. ನಾನು ಬಿತ್ತಿದೆ. ಅರ್ಧಕ್ಕರ್ಧ ಮಾತ್ರ ಹುಟ್ಟಿತು.

ಶಿವರಾತ್ರಿ ಕಳೆದ ಮೇಲೆ ಒಂದು ಭಾನುವಾರ ಇಬ್ಬನಿಯಲ್ಲಿ ಎದ್ದು ನಾನೇ ಕೊಯ್ದೆ. ಅಪ್ಪ ಹಿಂದೆಯೇ ಬಂದು ಬದುವಿನ ಮೇಲೆ ನಿಂತು ನೋಡಿದರು. "ಡಿಗ್ರಿ ಓದಾಕ ಕಳಿಸಿದ್ದು ಇದಕ್ಕೇನು?" ಎಂದರು. ಆ ಮಾತಿನಲ್ಲಿ ಸಿಟ್ಟಿತ್ತೋ ನಗೆಯಿತ್ತೋ ತಿಳಿಯಲಿಲ್ಲ. ನಮ್ಮ ಮನೆಯಲ್ಲಿ ಪದವಿಯವರೆಗೆ ಓದಿದವಳು ನಾನೇ ಮೊದಲು. ನಾನು ಹೊಲದ ಕೆಲಸದಿಂದ ದೂರವಾಗಲೆಂದೇ ಅವರು ಇಷ್ಟು ಕಷ್ಟಪಟ್ಟು ಓದಿಸಿದ್ದು. ಆದುದರಿಂದ ಅವರ ಪ್ರಶ್ನೆ ಸುಳ್ಳಲ್ಲ, ನನ್ನಲ್ಲಿ ಉತ್ತರವಿರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವರೇ ಹೆಗಲ ಮೇಲಿನ ಟವೆಲನ್ನು ಕೈಗೆ ಸುತ್ತಿಕೊಂಡು, ಆ ತುದಿಯಿಂದ ಕೊಯ್ಯತೊಡಗಿದರು. ಮುಂದಿನ ಹಿಂಗಾರಿಗೆ ಆ ಒಂದು ಸಾಲನ್ನು ಬಿಡುವುದಾಗಿ ಹೇಳಿದ್ದಾರೆ. ಆಗ ನಾನು ಎಲ್ಲಿರುವೆನೋ ಹೇಳಲಾರೆ.

ಬಡಿದಾಗ ಎರಡು ಸೇರಿನಷ್ಟು ಕಾಳು ಸಿಕ್ಕಿತು. ಒಂದು ಸೇರು ಅಜ್ಜಿಯ ಗಡಿಗೆಗೆ ಹೋಯಿತು. ಇನ್ನೊಂದನ್ನು ಕಾಲೇಜಿಗೆ ತಂದು, ಅಂದು ಹೂವಿನ ಹೆಸರು ತಿಳಿಯದೆ ಹೋದ ಗೆಳತಿಯರಿಗೂ ಸಹಪಾಠಿಗಳಿಗೂ ಹಿಡಿ ಹಿಡಿ ಹಂಚಿದೆ. ಜವಾನರಿಗೂ ಒಂದು ಹಿಡಿ ಕೊಟ್ಟೆ. ಕೆಲವರು ಬಿತ್ತುತ್ತೇವೆಂದರು, ಕೆಲವರು ಪುಸ್ತಕದ ಚೀಲಕ್ಕೆ ಹಾಕಿಕೊಂಡು ಮರೆತರು. ಹೊಲವನ್ನೆಲ್ಲ ಕುಸುಬೆ ಮಾಡಿರೆಂದು ನಾನು ಯಾರಿಗೂ ಹೇಳುವುದಿಲ್ಲ. ಹಾಗೆ ಹೇಳುವ ಅಧಿಕಾರ ನಷ್ಟವನ್ನು ಹೊರುವವರಿಗೆ ಮಾತ್ರ ಇದೆ. ಒಂದು ಬದುವಿಗೆ ಒಂದು ಸಾಲು ಸಾಕು, ಬೀಜಕ್ಕೆ.

ಈ ಸಂಚಿಕೆ ವಾಚಕರ ಕೈ ಸೇರುವ ಹೊತ್ತಿಗೆ ನಾವು ಅಂತಿಮ ವರ್ಷದವರು ಚದುರಿಹೋಗಿರುತ್ತೇವೆ. ರಜೆಯಲ್ಲಿ ಊರಿಗೆ ಹೋಗುವ ಕಿರಿಯ ವಿದ್ಯಾರ್ಥಿಗಳಲ್ಲಿ ನನ್ನದೊಂದು ವಿನಂತಿ. ಮನೆಯ ಹಿರಿಯರನ್ನು ಕುಸುಬಿಯ ಬಗ್ಗೆ ಒಮ್ಮೆ ಕೇಳಿರಿ. ಯಾರದಾದರೂ ಅಟ್ಟದ ಮೇಲೆ, ಗಡಿಗೆಯಲ್ಲಿ, ಒಂದು ಹಿಡಿ ಕಾಳು ಇನ್ನೂ ಇರಬಹುದು. ಇದ್ದರೆ ಈ ಹಿಂಗಾರಿಯೊಳಗೆ ಬಿತ್ತಬೇಕು. ಅದು ಹೆಚ್ಚು ವರ್ಷ ಕಾಯಲಾರದು.